ಹಲ್ಲಿನ ಸೆಟ್ ತೆಗೆದರೆ ಮುಖ ಬದಲಾಗುತ್ತೆ ಅಂತ ಮಾಸ್ಕ್ ಮಾರುವವರಿಗೆ ಗೊತ್ತಿಲ್ವಾ?

ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕ್ ಮೂಲಕ ಗಾಳಿ ಕೊಡುವ ಸಿಪ್ಯಾಪ್ ಮಷೀನ್ ಮಾರುವವರ ಮೇಲೆ ನನಗಿರುವ ಸಿಟ್ಟು ಸದ್ಯಕ್ಕೆ ಇಳಿಯುವ ಹಾಗೆ ಕಾಣುತ್ತಿಲ್ಲ. ಚಪ್ಪಲಿ ಅಂಗಡಿಯವನು ಕೂಡ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ ಅಂತಾನೆ. ರಾತ್ರಿಯಿಡೀ ಮುಖಕ್ಕೆ ಕಟ್ಟಿಕೊಂಡು ಮಲಗಬೇಕಾದ ಮಾಸ್ಕನ್ನು ಮಾತ್ರ ಡಬ್ಬದಿಂದ ತೆಗೆದು ಕೈಗೆ ಕೊಟ್ಟು, ಬಿಲ್ ಹರಿದು ಕಳಿಸಿಬಿಡುತ್ತಾರೆ.

ನಮ್ಮ ಅಪ್ಪನಿಗೆ ಸ್ಲೀಪ್ ಅಪ್ನಿಯಾ ಇದೆ. ನಿದ್ದೆಯಲ್ಲಿ ಗಂಟಲ ಹತ್ತಿರ ದಾರಿ ಮುಚ್ಚಿಕೊಂಡು ಉಸಿರು ಕಟ್ಟುತ್ತೆ. ಟೆಸ್ಟ್ ಮಾಡಿಸಿದಾಗ ಗಂಟೆಗೆ 30ಕ್ಕಿಂತ ಜಾಸ್ತಿ ಸಲ ಅಂತ ಬಂತು, ಅಂದರೆ ತೀವ್ರ. ಜೊತೆಗೆ ಬಿಪಿ ಬೇರೆ. ಸಿಪ್ಯಾಪ್ ಮಾಡುವುದು ಒಂದೇ ಕೆಲಸ: ಗಾಳಿಯ ಒತ್ತಡ ಕೊಟ್ಟು ಆ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುವುದು. ಮಾಸ್ಕ್ ಸಂದಿಯಿಂದ ಗಾಳಿ ಸೋರಿದರೆ ಒತ್ತಡ ಎಲ್ಲಿಂದ ನಿಲ್ಲಬೇಕು? ಮಷೀನ್ ಗುಂಯ್ ಅಂತ ಓಡುತ್ತಲೇ ಇರುತ್ತೆ, ಪಕ್ಕದಲ್ಲಿ ಅಪ್ಪ ಗೊರಕೆ ಹೊಡೆಯುತ್ತಲೇ ಇರುತ್ತಾರೆ.

ತುಮಕೂರಿನಲ್ಲಿ ನಾವು ತೆಗೆದುಕೊಂಡ ಅಂಗಡಿಯ ಹೆಸರು ಹೇಳುವುದಿಲ್ಲ. ಅಲ್ಲಿ ಆಗಿದ್ದನ್ನು ಹೇಳುತ್ತೇನೆ. ಅಪ್ಪನನ್ನು ಸ್ಟೂಲ್ ಮೇಲೆ ಕೂರಿಸಿದರು. ಮೂಗು, ಬಾಯಿ ಎರಡೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಇಟ್ಟು ಬೆಲ್ಟ್ ಎಳೆದರು. ‘ಕರೆಕ್ಟಾಗಿ ಕೂತಿದೆ ಸಾರ್’ ಅಂದರು. ಮುಗೀತು. ಮಷೀನ್ ಆನ್ ಮಾಡಲಿಲ್ಲ. ಮಲಗಿಸಿ ನೋಡಲಿಲ್ಲ. ಕಣ್ಣುಗಳ ನಡುವೆ ಮೂಗು ಶುರುವಾಗುವ ಕಡೆಯಿಂದ ಕೆಳತುಟಿಯ ಕೆಳಗಿನವರೆಗೆ ಅಳೆಯುವ ಕಾಗದದ ಅಳತೆಪಟ್ಟಿ ಬರುತ್ತೆ, ಅದನ್ನು ಹೊರಗೆ ತೆಗೆಯಲೇ ಇಲ್ಲ. ಇದ್ದದ್ದು ಲಾರ್ಜ್ ಸೈಜ್ ಒಂದೇ, ಅದನ್ನೇ ಕೊಟ್ಟರು.

ಅಪ್ಪನಿಗೆ ಮೇಲೆ ಕೆಳಗೆ ಎರಡೂ ಕಡೆ ಹಲ್ಲಿನ ಸೆಟ್. ಮಲಗುವ ಮುಂಚೆ ತೆಗೆದು ನೀರಿನ ಬಟ್ಟಲಲ್ಲಿ ಹಾಕುತ್ತಾರೆ. ತೆಗೆದ ತಕ್ಷಣ ಕೆನ್ನೆ ಒಳಗೆ ಹೋಗುತ್ತೆ, ತುಟಿ ಮಡಚಿಕೊಳ್ಳುತ್ತೆ, ಗಲ್ಲ ಮೇಲೆ ಬರುತ್ತೆ. ಅಂಗಡಿಯಲ್ಲಿ ಹಲ್ಲು ಹಾಕಿಕೊಂಡು ಕೂತಿದ್ದ ಮುಖವೇ ಬೇರೆ, ರಾತ್ರಿ ಅಂಗಾತ ಮಲಗಿದ ಮುಖವೇ ಬೇರೆ. ‘ರಾತ್ರಿ ಸೆಟ್ ತೆಗೀತೀರಾ ಸಾರ್?’ ಅನ್ನುವ ಒಂದು ಪ್ರಶ್ನೆ. ಕೇಳಲಿಕ್ಕೆ ಅರ್ಧ ನಿಮಿಷ ಸಾಕಿತ್ತು. ಅಪ್ಪನ ವಯಸ್ಸಿನವರೇ ಜಾಸ್ತಿ ಬರುವ ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ ಅಂದರೆ ಏನು ಹೇಳೋಣ?

ಆಮೇಲೆ ಶುರುವಾಯಿತು ನೋಡಿ. ಬಾಯಿಯ ಮೂಲೆಯಿಂದ ಸುಯ್ ಅಂತ ಗಾಳಿ. ಮೂಗಿನ ಮೇಲ್ಗಡೆಯಿಂದ ನೇರ ಕಣ್ಣಿಗೆ ಗಾಳಿ. ಬೆಳಿಗ್ಗೆ ಕಣ್ಣು ಕೆಂಪು, ಉರಿ. ಫೋನ್ ಮಾಡಿದರೆ ಒಂದೇ ಉತ್ತರ: ‘ಟೈಟ್ ಮಾಡ್ಕೊಳಿ ಮೇಡಂ.’ ಮತ್ತೆ ಮಾಡಿದರೆ, ‘ಇನ್ನೂ ಸ್ವಲ್ಪ ಟೈಟ್ ಮಾಡಿ, ಅಡ್ಜಸ್ಟ್ ಆಗುತ್ತೆ.’ ಅಪ್ಪನ ಮೂಗಿನ ಮೇಲೆ ಚರ್ಮ ಕಿತ್ತು ಗಾಯವಾಯಿತು. ಲೀಕ್ ಕಮ್ಮಿಯಾಗಲಿಲ್ಲ.

ಆಗುವುದೂ ಇಲ್ಲ! ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಆ ಸಿಲಿಕೋನ್ ಕುಶನ್ನಿನ ಒಳ ಅಂಚು ತೆಳ್ಳಗಿರುತ್ತೆ. ಗಾಳಿ ತುಂಬಿದಾಗ ಅದು ಉಬ್ಬಿ ಚರ್ಮಕ್ಕೆ ಅಂಟಿಕೊಳ್ಳಬೇಕು, ಸೀಲ್ ಆಗುವುದೇ ಹಾಗೆ. ಬೆಲ್ಟ್ ಬಿಗಿದಷ್ಟೂ ಅಂಚು ಅಪ್ಪಚ್ಚಿಯಾಗಿ ಮಡಚಿಕೊಳ್ಳುತ್ತೆ, ಆ ಮಡಿಕೆಯಲ್ಲೇ ಗಾಳಿ ನುಗ್ಗುತ್ತೆ. ಸರಿಯಾದ ರೀತಿ ಇದು: ಮಲಗಿಕೊಂಡು, ಮಷೀನ್ ಆನ್ ಮಾಡಿ, ಬೆಲ್ಟ್ ಸಡಿಲ ಬಿಡಬೇಕು. ಮಾಸ್ಕನ್ನು ಮುಖದಿಂದ ಒಂಚೂರು ಮುಂದಕ್ಕೆ ಎತ್ತಿ, ಕುಶನ್ ಉಬ್ಬಿದ ಮೇಲೆ ಮೆಲ್ಲಗೆ ಕೂರಿಸಬೇಕು. ಆಮೇಲೆ ಸೋರದಿರುವಷ್ಟೇ ಬಿಗಿಯಬೇಕು. ಇದನ್ನೆಲ್ಲ ನಾನು ಮಾಸ್ಕಿನ ಕಂಪನಿಯ ಕೈಪಿಡಿ ಓದಿ ತಿಳಿದುಕೊಂಡೆ. ದುಡ್ಡು ತೆಗೆದುಕೊಂಡವರು ಹೇಳಬೇಕಿತ್ತು ಅಲ್ವಾ?

ಅಪ್ಪ ರಾತ್ರಿ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ತಿಪಟೂರು ಕಡೆಯವರು, ಚಿಕ್ಕಂದಿನಿಂದ ಬಂದ ಅಭ್ಯಾಸ. ಎಣ್ಣೆ ಇದ್ದರೆ ಕುಶನ್ ಜಾರುತ್ತೆ, ದಿನಾ ಸೋಪಿನ ನೀರಲ್ಲಿ ತೊಳೆಯಬೇಕು ಅಂತಲೂ ಯಾರೂ ಹೇಳಲಿಲ್ಲ.

ಆಸ್ಪತ್ರೆಯಲ್ಲೂ ಅದೇ ಕಥೆ. ಮಷೀನಿನ ರಿಪೋರ್ಟಿನಲ್ಲಿ ಎಷ್ಟು ಗಂಟೆ ಹಾಕಿಕೊಂಡಿದ್ದಾರೆ ಅಂತ ನೋಡಿದರು, ‘ಇನ್ನೂ ಜಾಸ್ತಿ ಯೂಸ್ ಮಾಡಿ’ ಅಂತ ಅಪ್ಪನಿಗೇ ಗದರಿದರು. ಅದೇ ರಿಪೋರ್ಟಿನಲ್ಲಿ ಕೆಳಗೆ ಲೀಕ್ ಎಷ್ಟು ಅಂತ ಇತ್ತು. ನಮ್ಮ ಮಷೀನಿನ ಕಂಪನಿ ಹಾಕಿರುವ ಮಿತಿ ನಿಮಿಷಕ್ಕೆ 24 ಲೀಟರ್. ಅಪ್ಪನದು ಅದನ್ನು ಯಾವಾಗಲೋ ದಾಟಿತ್ತು. ನಾನು ಬೆರಳಿಟ್ಟು ತೋರಿಸಿದ ಮೇಲೆ ‘ಹೌದು, ಮಾಸ್ಕ್ ಚೆಕ್ ಮಾಡಿಸಿ’ ಅಂದರು. ಎಲ್ಲಿ ಚೆಕ್ ಮಾಡಿಸುವುದು? ಅದೇ ಅಂಗಡಿಯಲ್ಲಾ?

1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲ್ಲಿವನ್ ಈ ಚಿಕಿತ್ಸೆಯ ಬಗ್ಗೆ ಮೊದಲು ಬರೆದರು. ಶುರುವಿನಲ್ಲಿ ಅವರು ಒಬ್ಬೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು, ಅವರವರ ಮುಖಕ್ಕೇ ಮಾಸ್ಕ್ ಮಾಡಿಸುತ್ತಿದ್ದರು. ಇವತ್ತು ಫ್ಯಾಕ್ಟರಿಯಿಂದ ಮೂರು ನಾಲ್ಕು ಸೈಜ್ ಬರುತ್ತೆ. ನಮ್ಮೂರಿಗೆ ಒಂದೇ ಬರುತ್ತೆ.

ಸರಿ, ಮೀಡಿಯಂ ಕುಶನ್ ಕೊಡಿ ಅಂತ ಕೇಳಿದೆ. ಫ್ರೇಮಿಂದ ಕುಶನ್ ಮಾತ್ರ ಬಿಚ್ಚಿ ಬದಲಾಯಿಸಬಹುದು. ‘ಸಪರೇಟ್ ಬರಲ್ಲ ಮೇಡಂ, ಪೂರ್ತಿ ಮಾಸ್ಕ್ ತಗೋಬೇಕು’ ಅಂದರು. ಸುಳ್ಳು. ಕಂಪನಿಯ ಪಟ್ಟಿಯಲ್ಲೇ ಬಿಡಿಯಾಗಿ ಇದೆ, ಫೋನಲ್ಲಿ ತೆಗೆದು ತೋರಿಸಿದೆ. ಆಗ ‘ಬೆಂಗಳೂರಿಂದ ತರಿಸ್ತೀವಿ’ ಅಂದರು. 70 ಕಿಲೋಮೀಟರ್ ದೂರದ ಬೆಂಗಳೂರಿಂದ ಇವತ್ತಿಗೂ ಬಂದಿಲ್ಲ. ಹಳೆಯದನ್ನು ವಾಪಸ್ ತಗೊಳ್ಳಿ ಅಂದರೆ ‘ಬಳಸಿದ್ದು ತಗೊಳಲ್ಲ’ ಅಂತಾರೆ. ಬಳಸದೆ ಸೋರುತ್ತಾ ಇಲ್ಲವಾ ಅಂತ ಹೇಗೆ ಗೊತ್ತಾಗುತ್ತೆ?

ನಿನ್ನೆ ರಾತ್ರಿ ಅಪ್ಪ ಮಾಸ್ಕ್ ಬಿಚ್ಚಿ ಪಕ್ಕಕ್ಕಿಟ್ಟು, ‘ನಂಗೆ ಬೇಡ ಕಣಮ್ಮ, ಸಾಕಾಯ್ತು’ ಅಂದರು. ನನಗೆ ಹೊಟ್ಟೆ ಉರಿದುಹೋಯಿತು. ತಪ್ಪು ಸೈಜ್ ಕೊಟ್ಟವರು ಆರಾಮಾಗಿದ್ದಾರೆ, ಅಪ್ಪ ಮಾತ್ರ ಈ ಚಿಕಿತ್ಸೆ ತನಗೆ ಆಗಿಬರುವುದಿಲ್ಲ ಅಂತ ನಂಬಿಬಿಟ್ಟಿದ್ದಾರೆ.

ಬಿಲ್, ಲೀಕ್ ರಿಪೋರ್ಟ್, ಮೂಗಿನ ಗಾಯದ ಫೋಟೋ ಎಲ್ಲ ಜೋಡಿಸಿಟ್ಟಿದ್ದೇನೆ. ಶನಿವಾರದೊಳಗೆ ಮೀಡಿಯಂ ಕುಶನ್ ಕೈಗೆ ಬರಬೇಕು, ಇಲ್ಲ ದುಡ್ಡು ವಾಪಸ್ ಬರಬೇಕು. ಎರಡೂ ಆಗದಿದ್ದರೆ ಸೋಮವಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ ಅಂತ ಅಂಗಡಿಯವರಿಗೆ ಬರೆದು ಕಳಿಸಿದ್ದೇನೆ.