ತಲೆಕೆಳಗಾದರೂ ಕಲೆ ಕಲೆಯೇ

ಜರ್ಮನಿಯ ಡಸೆಲ್‌ಡಾರ್ಫ್‌ನ ಮ್ಯೂಸಿಯಂನಲ್ಲಿ ಡಚ್ ಕಲಾವಿದ ಪೀಟ್ ಮೊಂಡ್ರಿಯಾನ್ ಕೊನೆಗಾಲದಲ್ಲಿ ಮಾಡಿದ ಒಂದು ಚಿತ್ರವಿದೆ. 1941ರದ್ದು, ಹೆಸರು 'ನ್ಯೂಯಾರ್ಕ್ ಸಿಟಿ 1'. ಕ್ಯಾನ್ವಾಸಿನ ತುಂಬ ಅಡ್ಡಡ್ಡ, ಉದ್ದುದ್ದ ಬಣ್ಣದ ಟೇಪು. ಒಂದು ಅಂಚಿನಲ್ಲಿ ಮಾತ್ರ ಟೇಪುಗಳು ಒತ್ತೊತ್ತಾಗಿವೆ. ಆ ಅಂಚು ಕೆಳಗೆ ಬರುವ ಹಾಗೆ ನೇತುಹಾಕಿದ್ದಾರೆ. ಬಂದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದು, ಗಲ್ಲದ ಮೇಲೆ ಕೈಯಿಟ್ಟು, ತಲೆದೂಗಿ ಮುಂದೆ ಹೋಗಿದ್ದಾರೆ. ತಿಳಿದವರು ನಗರದ ಕಟ್ಟಡಗಳ ಸಾಲನ್ನೂ ಕಂಡಿದ್ದಾರೆ.

2022ರಲ್ಲಿ ಮೊಂಡ್ರಿಯಾನ್ ಹುಟ್ಟಿ 150 ವರ್ಷ ಆಯಿತು ಅಂತ ಪ್ರದರ್ಶನಕ್ಕೆ ತಯಾರಿ ನಡೆಯಿತು. ಆಗ ಪ್ರದರ್ಶನದ ಹೊಣೆ ಹೊತ್ತ ಕ್ಯುರೇಟರ್ ಸುಸಾನೆ ಮೈಯರ್-ಬ್ಯೂಸರ್ ಹೇಳಿದರು: ಚಿತ್ರ ತಲೆಕೆಳಗಾಗಿದೆ! ಕಲಾವಿದ ತೀರಿಕೊಂಡ 1944ರ ಒಂದು ಫೋಟೋದಲ್ಲಿ ಇದೇ ಚಿತ್ರ ಅವನ ಸ್ಟುಡಿಯೋದಲ್ಲಿದೆ, ಒತ್ತಾದ ಅಂಚು ಮೇಲಕ್ಕಿದೆ. ಟೇಪುಗಳೂ ಅದನ್ನೇ ಹೇಳುತ್ತವೆ. ಯಾರೇ ಆಗಲಿ ಮೇಲಿಂದ ಅಂಟಿಸುತ್ತಾ ಕೆಳಗೆ ಬರುತ್ತಾರೆ, ಅಲ್ವಾ? ಟೇಪು ಸಾಲದೆ ಬಂದರೆ ಕೆಳಗೇ ಸಾಲದೆ ಬರಬೇಕು. ಇಲ್ಲಿ ಕೆಲವು ಟೇಪುಗಳು ಈಗಿನ 'ಮೇಲಿನ' ಅಂಚು ಮುಟ್ಟದೆ ಚೂರು ಮೊದಲೇ ಮುಗಿದಿವೆ. ಗಂ ಟೇಪು ಹಿಡಿದು ಕೆಲಸ ಮಾಡಿದ ಯಾವ ಹುಡುಗನಾದರೂ ಇದನ್ನು ಹೇಳುತ್ತಿದ್ದ. ಆದರೆ ಅವನನ್ನು ಕೇಳುವವರು ಯಾರು? 1945ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಪ್ರದರ್ಶನಕ್ಕಿಟ್ಟ ಕಾಲದಿಂದ ತಜ್ಞರೇ ನೋಡುತ್ತಾ ಬಂದಿದ್ದರು.

ಇನ್ನೇನು, ತಿರುಗಿಸಿ ಹಾಕುತ್ತಾರೆ ಅಂದುಕೊಂಡಿರಾ? ಊಹೂಂ. ಟೇಪಿನ ಅಂಟು ಒಣಗಿ ಹೋಗಿದೆ, ತಿರುಗಿಸಿದರೆ ಕಿತ್ತುಬರಬಹುದು. ಜೊತೆಗೆ ತಲೆಕೆಳಗಾಗಿದ್ದದ್ದೂ ಈಗ ಆ ಚಿತ್ರದ ಚರಿತ್ರೆಯ ಭಾಗವಂತೆ! ಮೊದಲನೇ ಕಾರಣ ಒಪ್ಪಿದೆ. ಎರಡನೆಯದಕ್ಕೆ ನಮ್ಮ ಕಡೆ ಅಕ್ರಮ-ಸಕ್ರಮ ಅಂತಾರೆ. ಸುಮ್ನೆ ಮುಕ್ಕಾಲು ಶತಮಾನ ತಡೆದುಕೊಂಡರೆ ಸಾಕು, ಖಾತೆ ಆಗಿಬಿಡುತ್ತದೆ.

ಪಾಪ, ಡಸೆಲ್‌ಡಾರ್ಫಿನವರನ್ನೇ ಯಾಕೆ ಆಡಿಕೊಳ್ಳುವುದು? 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಫ್ರೆಂಚ್ ಕಲಾವಿದ ಮತೀಸ್‌ನ ದೋಣಿಯ ಚಿತ್ರ 47 ದಿನ ಉಲ್ಟಾ ನೇತಾಡಿತ್ತು. ದೋಣಿ ಕೆಳಗೆ, ನೀರಿನ ನೆರಳು ಮೇಲೆ. ಕಂಡುಹಿಡಿದದ್ದು ಕಲಾ ವಿಮರ್ಶಕರಲ್ಲ, ಶೇರು ವ್ಯವಹಾರದ ಒಬ್ಬ ಹೆಂಗಸು. ಮೇಲೆ ಹೋಗುವುದು, ಕೆಳಗೆ ಬೀಳುವುದು ಅವರಿಗೆ ದಿನದ ಕಸುಬು ನೋಡಿ.

ತಜ್ಞರಿಗೇನೂ ನಷ್ಟವಿಲ್ಲ. ಒತ್ತಾದ ಪಟ್ಟಿಗಳು ಕೆಳಗಿದ್ದಾಗ ಕಟ್ಟಡಗಳ ಸಾಲು. ಮೇಲೆ ಹೋದರೆ ಕಪ್ಪು ಆಕಾಶ. ಮೊಂಡ್ರಿಯಾನ್‌ನ ಚಿತ್ರವನ್ನು ಸರಿಯಾಗಿಯೇ ನೋಡಬೇಕು ಅಂತ ಹಟ ಇದ್ದವರು ಬೆನ್ನು ತಿರುಗಿಸಿ ನಿಂತು, ಬಗ್ಗಿ ಕಾಲಸಂದಿಯಿಂದ ನೋಡಬಹುದು. ಸೆಕ್ಯುರಿಟಿಯವರು ಓಡಿಬಂದರೆ, ನೇರವಾಗಿ ನಿಂತವರನ್ನು ಮೊದಲು ವಿಚಾರಿಸಿ ಅನ್ನಿ.