4ಕೆ ಅಂದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು

"1080ಪಿ ಬಿಟ್ಟು 4ಕೆ ಮಾನಿಟರ್ ತಗೊಂಡರೆ ಗ್ರಾಫಿಕ್ಸ್ ಕಾರ್ಡಿಗೆ ಎರಡು ಪಟ್ಟು ಕೆಲಸ, ಅಷ್ಟೇ" ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ನಂಬಿ ದುಡ್ಡು ಹಾಕಿದವರಿಗೆ ಆಟ ತಡವರಿಸಿದಾಗ ಬೇಜಾರಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಗಲವೂ ಎರಡು ಪಟ್ಟು, ಎತ್ತರವೂ ಎರಡು ಪಟ್ಟು. ಗುಣಿಸಿ ನೋಡಿ. 1080ಪಿ, ಅಂದರೆ 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕಿ). 4ಕೆ, ಅಂದರೆ 3840×2160ರಲ್ಲಿ 82.9 ಲಕ್ಷ. ನಾಲ್ಕು ಪಟ್ಟಾಯ್ತು ಅಲ್ವಾ? ಹಾಗಂತ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಯಾವಾಗಲೂ ಕಾಲು ಭಾಗಕ್ಕೇ ಇಳಿಯುತ್ತದೆ ಎಂದಲ್ಲ. ಪ್ರೊಸೆಸರ್ ಮಾಡುವ ಕೆಲಸ ರೆಸಲ್ಯೂಷನ್ (ಪಿಕ್ಸೆಲ್ ಸಂಖ್ಯೆ) ಜೊತೆ ಅಷ್ಟಾಗಿ ಏರುವುದಿಲ್ಲ.

ನಡುವೆ 1440ಪಿ (2560×1440) ಇದೆ. ಪಿಕ್ಸೆಲ್ 1080ಪಿಯ ಸುಮಾರು 1.8 ಪಟ್ಟು ಮಾತ್ರ. 27 ಇಂಚಿನ ಪರದೆಯಲ್ಲಿ 1080ಪಿ ಇದ್ದರೆ ಇಂಚಿಗೆ 82 ಪಿಕ್ಸೆಲ್, 1440ಪಿ ಇದ್ದರೆ 109. ಆಟದಲ್ಲಿ ದೂರದ ತಂತಿ ಬೇಲಿ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತಿದ್ದ ಗೆರೆ ಎಷ್ಟೋ ನಯವಾಗಿ ಕಾಣುತ್ತದೆ. ಮಧ್ಯಮ ಕಾರ್ಡ್ ಇರುವವರಿಗೆ ನನ್ನ ಆಯ್ಕೆ ಇದೇ.

ಈಗಾಗಲೇ 4ಕೆ ಕೊಂಡಿದ್ದರೆ ಸುಮ್ನೆ ಗಾಬರಿಯಾಗಬೇಡಿ. ಆಟದಲ್ಲಿ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಎಂಬ ಚಿತ್ರ ಹಿಗ್ಗಿಸುವ ಸೌಲಭ್ಯ ಇದ್ದರೆ ಅದರ ಕ್ವಾಲಿಟಿ ಮೋಡ್ ಹಾಕಿ. ಆಗ ಕಾರ್ಡ್ ಒಳಗೆ 1440ಪಿಯಲ್ಲೇ ಚಿತ್ರ ಬಿಡಿಸಿ, ಆಮೇಲೆ 4ಕೆಗೆ ಹಿಗ್ಗಿಸುತ್ತದೆ.