ಒರಿಜಿನಲ್ ಹಳೇ ಕಾಗದ, ಹೊಚ್ಚ ಹೊಸದು

ಹೋದ ಶನಿವಾರ ನಮ್ಮ ಮನೆಗೆ ಕೊರಿಯರ್‌ನಲ್ಲಿ ಒಂದು ಪೊಟ್ಟಣ ಬಂತು. ಒಳಗೆ 60 ಹಾಳೆ ಹಳೇ ಕಾಗದ. ಅಂಚು ಸುಟ್ಟಿದೆ, ಬಣ್ಣ ಕಂದಿದೆ, ಮೇಲೆ ಯಾವನೋ ಫ್ರೆಂಚ್ ದಿನಸಿ ವ್ಯಾಪಾರಿಯ ಲೆಕ್ಕ. ಪೊಟ್ಟಣದ ಬೆನ್ನಿಗೆ ತಯಾರಾದ ದಿನಾಂಕ ಅಚ್ಚಾಗಿತ್ತು: ಕಳೆದ ತಿಂಗಳು. ಬೆಲೆ 499 ರೂಪಾಯಿ. ಸಹಿ ಹಾಕಿ ಒಳಗೆ ಬಂದರೆ ಅಮ್ಮ ಸೆರಗಿನ ತುದಿಗೆ ದುಡ್ಡು ಗಂಟು ಹಾಕಿಕೊಳ್ಳುತ್ತಿದ್ದರು. ರದ್ದಿಯವನು ಬಂದು ಹೋಗಿದ್ದನಂತೆ. 11 ಕೆಜಿ, ಕೆಜಿಗೆ 12 ರೂಪಾಯಿ. ಏನು ಹಾಕಿದಿರಿ ಎಂದು ನಾನು ಕೇಳಲಿಲ್ಲ. ನನ್ನ ಗಮನವೆಲ್ಲ ಫ್ರಾನ್ಸಿನ ಕಡೆಗಿತ್ತು.

ಈ ರೋಗ ಹತ್ತಿದ್ದು ಆಫೀಸಿನಿಂದ. ನೌಕರರ ಮೇಲಿನ ಒತ್ತಡ ಹೆಚ್ಚಾಗಿದೆ ಎಂದು ಮೇಲಿನವರಿಗೆ ಗೊತ್ತಾಗಿ, ಅದನ್ನು ಇಳಿಸಲು ಒಂದು ಶನಿವಾರ ರಜೆ ರದ್ದು ಮಾಡಿ ಎಲ್ಲರನ್ನೂ ಕರೆಸಿದರು. ಯಾರೋ ಬಂದು, ಮನಸ್ಸಿನ ಭಾವನೆಗಳನ್ನು ಹಾಳೆಯ ಮೇಲೆ ಅಂಟಿಸಬೇಕು ಎಂದರು. ಬರೆಯಬೇಕು ಅನ್ನಲಿಲ್ಲ, ಅಂಟಿಸಬೇಕು. ಬಣ್ಣ, ಕಾಗದ, ಬಟ್ಟೆ, ದಾರ, ಒಣಗಿದ ಎಲೆ, ಏನು ಬೇಕಾದರೂ ಆಗಬಹುದು. ಇದಕ್ಕೆ ಮಿಕ್ಸೆಡ್ ಮೀಡಿಯಾ ಆರ್ಟ್ ಜರ್ನಲ್ ಅಂತ ಹೆಸರು. ಇದರಲ್ಲೇ ಒಂದು ಒಳಪಂಗಡ ಜಂಕ್ ಜರ್ನಲ್. ಅಂದರೆ ಕಸದ ದಿನಚರಿ. ಕಸವೇ ಬಂಡವಾಳ ಎಂದ ಮೇಲೆ ನನಗೆ ಧೈರ್ಯ ಬಂತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೆ ಕಸಕ್ಕೇನು ಬರ.

ಜಯನಗರದಲ್ಲಿ ಒಂದು ಕೆಫೆಯ ಮಹಡಿಯ ಮೇಲೆ ಕಾರ್ಯಾಗಾರ. ಶುಲ್ಕ 2,800, ಕಾಫಿ ಬೇರೆ. ಕಲಿಸುವ ಹುಡುಗಿ ಮೊದಲ ಮಾತೇ, ‘ಸರ್, ಇಲ್ಲಿ ತಪ್ಪು ಅನ್ನೋದೇ ಇಲ್ಲ’ ಎಂದಳು. ಐದು ನಿಮಿಷದೊಳಗೆ ನನ್ನ ಅಂಟು ತಪ್ಪಾಯಿತು, ಬ್ರಷ್ ತಪ್ಪಾಯಿತು, ಕತ್ತರಿ ತಪ್ಪಾಯಿತು. ಕಾಗದವನ್ನು ಕತ್ತರಿಸಬಾರದಂತೆ, ಹರಿಯಬೇಕಂತೆ. ನಾನು ಹರಿದೆ. ಹಾಗಲ್ಲವಂತೆ. ಸಹಜವಾಗಿ ಹರಿದಂತೆ ಕಾಣಲು ಅಂಕುಡೊಂಕು ಅಂಚಿನ ಒಂದು ಉಕ್ಕಿನ ಸ್ಕೇಲು ಬರುತ್ತದೆ, ಅದನ್ನಿಟ್ಟು ಹರಿಯಬೇಕು. ಆಮೇಲೆ ಹಾಳೆಗೆ ವಯಸ್ಸು ತರಿಸುವ ಪಾಠ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಓವನ್‌ನಲ್ಲಿ ಒಣಗಿಸಿ, ಅಂಚಿಗೆ ‘ಡಿಸ್ಟ್ರೆಸ್ ಇಂಕ್’ ಸವರಬೇಕು. ಸಂಕಟದ ಶಾಯಿ! ತಿಂಗಳ ಕೊನೆಯಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲು ಕೈಗೆ ಬಂದಾಗ ಹೆಸರಿಟ್ಟವನು ಸುಳ್ಳು ಹೇಳಿಲ್ಲ ಅನ್ನಿಸಿತು.

ಈ ಕಲೆಗೆ ದಾರಿ ಮಾಡಿಕೊಟ್ಟವರು ಇಷ್ಟು ಖರ್ಚು ಮಾಡಿದವರಲ್ಲ. ಪಿಕಾಸೊ 1912ರಲ್ಲಿ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡೊಂದನ್ನು ಕ್ಯಾನ್ವಾಸಿಗೆ ಅಂಟಿಸಿ, ಚೌಕಟ್ಟಿನ ಬದಲು ಹಗ್ಗ ಸುತ್ತಿದ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಜರ್ಮನಿಯ ಹ್ಯಾನೋವರ್‌ನಲ್ಲಿ ಕುರ್ಟ್ ಶ್ವಿಟರ್ಸ್ ಎಂಬಾತ ಟ್ರಾಮ್ ಟಿಕೆಟ್ಟು, ಹರಕು ಜಾಹೀರಾತು, ಮರದ ಚೂರುಗಳನ್ನು ಹೆಕ್ಕಿ ತಂದು ಚಿತ್ರ ಮಾಡಿದ. ಬ್ಯಾಂಕಿನ ಜಾಹೀರಾತಿನಲ್ಲಿದ್ದ ‘ಕೊಮ್ಮೆರ್ಟ್ಸ್’, ಅಂದರೆ ವಾಣಿಜ್ಯ, ಎಂಬ ಪದದ ತಲೆ ಕತ್ತರಿಸಿ ಉಳಿದ ‘ಮೆರ್ಟ್ಸ್’ ಅನ್ನೇ ತನ್ನ ಕಲೆಗೆ ಹೆಸರಾಗಿ ಇಟ್ಟುಕೊಂಡ. ನೂರು ವರ್ಷ ಕಳೆದ ಮೇಲೆ ನಾವು ಅವನು ಕತ್ತರಿಸಿ ಎಸೆದ ತಲೆಯನ್ನು ಹುಡುಕಿ ತಂದು ಮತ್ತೆ ಅಂಟಿಸಿದ್ದೇವೆ. ಅದೂ ವಾಶಿ ಟೇಪಿನಲ್ಲಿ.

ವಾಶಿ ಟೇಪು ಅಂದರೆ ಬಣ್ಣಬಣ್ಣದ ಕಾಗದದ ಅಂಟುಪಟ್ಟಿ. ಅದರ ಕಥೆ ಹೇಳಲೇಬೇಕು. ಜಪಾನಿನ ಕುರಾಶಿಕಿಯ ಕಮೋಯಿ ಎಂಬ ಕಂಪನಿ 1923ರಲ್ಲಿ ಶುರುವಾದದ್ದು ನೊಣ ಹಿಡಿಯುವ ಅಂಟುಕಾಗದ ಮಾಡುವುದಕ್ಕೆ. ಆಮೇಲೆ ಬಣ್ಣ ಬಳಿಯುವವರಿಗೆ ಬೇಕಾದ ಮಾಸ್ಕಿಂಗ್ ಟೇಪು ಮಾಡಿತು. 2006ರಲ್ಲಿ ಮೂವರು ಹೆಣ್ಣುಮಕ್ಕಳು ಆ ಟೇಪಿನ ಅಂದಕ್ಕೆ ಮನಸೋತು ಕಂಪನಿಯ ಬಾಗಿಲು ತಟ್ಟಿದರು. 2008ಕ್ಕೆ ಬಣ್ಣಬಣ್ಣದ ಸುರುಳಿಗಳು ಅಂಗಡಿಗೆ ಬಂದವು. ಜನ ಇದನ್ನು ಕಸುಬು ಬದಲಿಸಿ ಗೆದ್ದ ಕಥೆ ಅನ್ನುತ್ತಾರೆ. ನನಗೇನೋ ಕಸುಬು ಬದಲಾದಂತೆ ಕಾಣಲಿಲ್ಲ, ನೊಣ ಬದಲಾಗಿದೆ ಅಷ್ಟೆ. ನನ್ನ ಹತ್ತಿರ ಈಗ 41 ಸುರುಳಿ ಇವೆ.

ಸುರುಳಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ವಿಡಿಯೊ ಮಾಡುವುದು ಈ ಸಂಪ್ರದಾಯದ ಒಂದು ಮುಖ್ಯ ವ್ರತ. ಅದಕ್ಕೆ ‘ಹಾಲ್ ವಿಡಿಯೊ’ ಅನ್ನುತ್ತಾರೆ, ಇಂಗ್ಲಿಷಿನ ಈ ‘ಹಾಲ್’ ಅಂದರೆ ಕೊಂಡು ತಂದ ಸಾಮಾನಿನ ರಾಶಿ. ಅಮ್ಮ ಮೂರು ದಿನ ನೋಡಿ, ನಾಲ್ಕನೇ ದಿನ ಕೇಳಿದರು:

‘ಹಾಲು ಹಾಲು ಅಂತೀಯ, ಎಲ್ಲೋ ಹಾಲು?’

ಪುಸ್ತಕದ ವಿಷಯಕ್ಕೆ ಬಂದರೆ, ನನ್ನದು ಶುದ್ಧ ಹತ್ತಿಯ, 300 ಜಿಎಸ್‌ಎಂನ ದಪ್ಪ ಹಾಳೆಯ ಪುಸ್ತಕ. ಇನ್ನೂ ಒಂದು ಗೆರೆ ಎಳೆದಿಲ್ಲ. ಅಷ್ಟು ದುಬಾರಿ ಹಾಳೆಯ ಮೇಲೆ ಅಂಟಿಸುವಂಥ ಘನವಾದ ಭಾವನೆ ಇನ್ನೂ ಹುಟ್ಟಿಲ್ಲ. ಹಾಳೆ ಸುಮ್ಮನೆ ಇರಬಾರದು ಎಂದು ಗೆಸ್ಸೊ ಬಳಿದೆ. ಗೆಸ್ಸೊ ಅಂದರೆ ಬಣ್ಣ ಹಿಡಿಯಲೆಂದು ಕೆಳಗೆ ಹಚ್ಚುವ ಬಿಳಿ ಲೇಪ, ಇಟಲಿಯ ಮಾತು, ಡಬ್ಬವೂ ಹೊರದೇಶದ್ದು. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವರ ಒಡವೆ, ಕಿರೀಟದ ಚಿನ್ನದ ರೇಕಿನ ಕೆಳಗೆ ಉಬ್ಬಿ ನಿಲ್ಲುವುದೂ ಗೆಸ್ಸೊ ಕೆಲಸವೇ, ಆದರೆ ಅದನ್ನು ನಮ್ಮವರು ಮಕ್ಕಿ ಸಫೇದ ಎಂದು ಕರೆದುಬಿಟ್ಟರು. ಆ ಹೆಸರಿನಲ್ಲಿ ಆನ್‌ಲೈನ್ ಅಂಗಡಿಗೆ ಹೋಗಿ ನೋಡಿ, ಮೆಕ್ಕೆಜೋಳ ತೋರಿಸುತ್ತದೆ. ಕಾರ್ಯಾಗಾರದ ಎರಡನೇ ವಾರ ಹಾರ್ಮೋನಿಯಂನ ತಿದಿಯಂತೆ ಮಡಚುವ ಪುಸ್ತಕ ಮಾಡಿಸಿದರು, ‘ಅಕಾರ್ಡಿಯನ್ ಫೋಲ್ಡ್, ತುಂಬಾ ಹೊಸ ಐಡಿಯಾ ಸರ್.’ ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಹೀಗೇ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರಲ್ಲ, ಆ ಕಡತ ನೆನಪಾಯಿತು. ಹೇಳಲು ಹೋಗಲಿಲ್ಲ. ಕಡತ ಅಂದರೆ ಈಗಿನ ಮಕ್ಕಳಿಗೆ ವಿಧಾನಸೌಧದಲ್ಲಿ ಕಾಣೆಯಾಗುವ ವಸ್ತು.

ಹುಡುಗಿ ಕೊನೆಗೆ ನನ್ನ ಮಡಚುವ ಪುಸ್ತಕ ಬಿಡಿಸಿ ನೋಡಿ ನಿಟ್ಟುಸಿರಿಟ್ಟಳು. ಪ್ಯಾರಿಸ್ 1904 ಎಂಬ ಅಂಚೆ ಮುದ್ರೆ ಇತ್ತು. ಈ ಮುದ್ರೆಯ ರಬ್ಬರ್ ಸ್ಟಾಂಪು ಎಲ್ಲ ಶಿಷ್ಯರ ಹತ್ತಿರವೂ ಇದೆ. ನಮ್ಮಲ್ಲಿ ಬಿಎಸ್‌ಎನ್‌ಎಲ್ 2013ರಲ್ಲಿ ಟೆಲಿಗ್ರಾಂ ನಿಲ್ಲಿಸಿತು, ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿತು. ಅತ್ತ ಅಂಚೆ ಕಚೇರಿಯಲ್ಲಿ ಮುದ್ರೆ ಬೀಳುವುದು ಕಮ್ಮಿಯಾದಷ್ಟೂ ಇತ್ತ ನಮ್ಮ ಪುಸ್ತಕಗಳಲ್ಲಿ ಪ್ಯಾರಿಸ್ಸಿನಿಂದ ಟಪಾಲು ಬರುವುದು ಜಾಸ್ತಿಯಾಗಿದೆ.

‘ಎಲ್ಲಾ ಚೆನ್ನಾಗಿದೆ ಸರ್, ಆದರೆ ನೀವೇ ಕಾಣಿಸ್ತಿಲ್ಲ. ನಿಮ್ಮನೇದು ಏನಾದ್ರೂ ಹಳೇ ಕಾಗದ ಇಲ್ವಾ? ಪತ್ರ, ಲೆಕ್ಕದ ಪುಸ್ತಕ?’

ಇತ್ತಲ್ಲ! ಅಪ್ಪನ ಟ್ರಂಕು. ಅದರಲ್ಲಿ ಇನ್‌ಲ್ಯಾಂಡ್ ಪತ್ರ, ಮನಿಯಾರ್ಡರ್ ರಸೀತಿ, ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಅಪ್ಪ 30 ವರ್ಷ ಬರೆದ ಜಮಾಖರ್ಚು. ಆಟೊ ಹಿಡಿದು ಮನೆಗೆ ಓಡಿ ಬಂದೆ. ಟ್ರಂಕು ಇತ್ತು. ತೆರೆದರೆ ಒಳಗೆ 41 ಸುರುಳಿ ಟೇಪು, ಬಣ್ಣದ ಡಬ್ಬಗಳು, ಫ್ರೆಂಚ್ ದಿನಸಿ.

‘ಅಮ್ಮಾ, ಇದರಲ್ಲಿದ್ದ ಕಾಗದ?’

‘ಹಾಕಿಬಿಟ್ಟೆನಲ್ಲೋ ರದ್ದಿಗೆ. ನೀನೇ ತಾನೆ ಹೇಳಿದ್ದು, ನನ್ನ ಸಾಮಾನು ಇಡೋಕೆ ಜಾಗ ಇಲ್ಲ, ಆ ಕಸ ಖಾಲಿ ಮಾಡು ಅಂತ.’

ರದ್ದಿ ಅಂಗಡಿ ಎರಡು ಬೀದಿ ಆಚೆ. ಅಂಗಡಿಯವನು ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಪೇಪರು, ರಟ್ಟು, ಕಬ್ಬಿಣ, ಪ್ಲಾಸ್ಟಿಕ್ ಎಂದು ಮೊದಲಿದ್ದ ನಾಲ್ಕು ರಾಶಿಗಳ ಪಕ್ಕ ಈಗ ಒಂದು ಬೀರು ಬಂದಿತ್ತು. ಅಪ್ಪನ ಜಮಾಖರ್ಚಿನ ಹಾಳೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಪ್ಲಾಸ್ಟಿಕ್ ಲಕೋಟೆಯಲ್ಲಿ ಐದೈದರಂತೆ ಜೋಡಿಸಿದ್ದ.

‘ಹುಡುಗೀರು ಬರ್ತಾರೆ ಸಾರ್, ಕೈಬರಹದ್ದು ಇದ್ಯಾ ಅಂತ ಕೇಳ್ಕೊಂಡು. ಜಿರಳೆ ತಿಂದಿದ್ರೆ ಇನ್ನೂ ಇಷ್ಟ.’

‘ಇದು ನಮ್ಮಪ್ಪಂದಯ್ಯ. ಹೋದ ವಾರ 12 ರೂಪಾಯಿಗೆ ತಾನೆ ತಗೊಂಡಿದ್ದು?’

‘ನೀವು ಕೊಡುವಾಗ ತೂಕದ ಲೆಕ್ಕ ಸಾರ್. ತಗೊಳುವಾಗ ಹಾಳೆ ಲೆಕ್ಕ.’

ಜಮಾಖರ್ಚು ನನ್ನ ಕೈಗೆಟುಕುವ ಬೆಲೆಯದಾಗಿರಲಿಲ್ಲ. ಕೆಳಗಿನ ಖಾನೆಯಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಕಂಡಿತು. ಅಕ್ಷರ ನನ್ನದೇ. ಮೈಸೂರಿನ ಹಾಸ್ಟೆಲಿನಿಂದ ಬರೆದದ್ದು. ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು, ಇಲ್ಲಿ ಎಲ್ಲ ಕ್ಷೇಮ, ಪುಸ್ತಕ ಕೊಳ್ಳಬೇಕಾಗಿದೆ, ದಯವಿಟ್ಟು 200 ರೂಪಾಯಿ ಕಳಿಸಿ. ಯಾವ ಪುಸ್ತಕ ಎಂದು ಬರೆದಿರಲಿಲ್ಲ, ಯಾಕೆಂದರೆ ಅದು ಪುಸ್ತಕವಾಗಿರಲಿಲ್ಲ.

‘ಇದಕ್ಕೆಷ್ಟು?’

‘ಅದರಲ್ಲೇ ಬರ್ದಿದೆಯಲ್ಲ ಸಾರ್, ಇನ್ನೂರು.’

ಕಾಲು ಗಂಟೆ ಚೌಕಾಸಿ ಮಾಡಿ ನೂರಕ್ಕೆ ಇಳಿಸಿದೆ. ಅಪ್ಪನೂ ಆಗ ಕಳಿಸಿದ್ದು ನೂರೇ.